ಗೀಜರಿನ ವಯಸ್ಸು

ಅಧ್ಯಾಯ ಒಂಬತ್ತು

ಮೊದಲ ನಟ್ಟು ಅರ್ಧ ಸುತ್ತು ತಿರುಗಿತ್ತಷ್ಟೇ, ಮಹೇಶ್ವರಿ ಪಾನಾ ಕೆಳಗಿಟ್ಟುಬಿಟ್ಟಳು.

"ಯಾಕ್ರಿ ಮೇಡಂ, ಬಿಗಿ ಆಗೈತೇನು? ಸರೀರಿ, ನಾ ನೋಡ್ತೀನಿ," ಎಂದು ಎಎಸ್‌ಐ ಶಿವನಪ್ಪ ಮುಂದೆ ಬಾಗಿದರು. ಒಂದು ಕೈಯಲ್ಲಿ ಚುರುಮುರಿ ಗಿರಮಿಟ್ಟಿನ ಪೊಟ್ಟಣ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಏನು ಬೇಕಾದರೂ ಬಿಚ್ಚಬಲ್ಲೆನೆಂಬ ಧೈರ್ಯ ಅವರದು.

"ಬಿಗಿ ಏನಿಲ್ರಿ. ಮೊದ್ಲ ಇಲ್ಲೊಂದ ಫೋಟೋ ತಗೀರಿ."

ಗಜೇಂದ್ರಗಡ ಠಾಣೆಯ ಹಿಂದಿನ ಪಡಸಾಲೆಯಲ್ಲಿ ಗೋಣಿತಾಟಿನ ಮೇಲೆ ಗೀಜರನ್ನು ಮಲಗಿಸಿದ್ದರು. ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಸುತ್ತಲೂ ಆರು ನಟ್ಟು. ಪ್ರತಿ ನಟ್ಟಿನ ಮೇಲೂ ತೊಗರಿಬೇಳೆಯಷ್ಟಗಲದ ಕೆಂಪು ಬಣ್ಣದ ಬೊಟ್ಟು. ನಟ್ಟು ಬಿಗಿದಾದ ಮೇಲೆ ಕಾರ್ಖಾನೆಯವರು ಇಟ್ಟು ಕಳಿಸುವ ಗುರುತು ಅದು. ನಟ್ಟು ಒಮ್ಮೆ ತಿರುಗಿತೆಂದರೆ ಬೊಟ್ಟು ಬಿರುಕು ಬಿಡುತ್ತದೆ. ಐದು ಬೊಟ್ಟುಗಳು ಇಟ್ಟ ಹಾಗೇ ಇದ್ದವು. ಆರನೆಯದಕ್ಕೆ ಬಿರುಕು ಬಂದದ್ದು ಈಗ, ಅವಳ ಕೈಯಿಂದಲೇ.

"ಅಂದ್ರ ಇದನ್ನ ಇಲ್ಲೀತನಕ ಯಾರೂ ಬಿಚ್ಚಿಲ್ಲಂತೀರಿ?"

"ಯಾರೂ ಬಿಚ್ಚಿಲ್ಲ."

"ಮತ್ತ ನಜೀರಸಾಬ, ನಾನ ಬಿಚ್ಚಿ, ಒಳಗೆಲ್ಲಾ ತೊಳದು ಸರ್ವಿಸ್ ಮಾಡೇನಿ ಅಂತ ಹೇಳ್ಯಾನಲ್ರಿ! ಸುಳ್ಳ ಸಿಕ್ಕತು ನೋಡ್ರಿ. ಮುಗೀತು ಕೇಸು." ಶಿವನಪ್ಪ ಸಮಾಧಾನದಿಂದ ಒಂದು ಮೆಣಸಿನಕಾಯಿ ಕಡಿದರು.

ಕೇಸು ಅಷ್ಟು ಸುಲಭಕ್ಕೆ ಮುಗಿಯುವಂತಿದ್ದರೆ ಮಹೇಶ್ವರಿಯನ್ನು ಗದಗಿನಿಂದ ಕರೆಸುತ್ತಲೇ ಇರಲಿಲ್ಲ. ಹನ್ನೆರಡು ದಿನದ ಹಿಂದೆ ಇದೇ ಗೀಜರಿನ ಕೆಳಗೆ, ಬೆಳಗಿನ ಜಳಕಕ್ಕೆ ನಿಂತ ಗಜೇಂದ್ರಗಡದ ಹಳೆಯ ಸೀರೆ ವ್ಯಾಪಾರಿ ಮಹಾಲಿಂಗಪ್ಪನವರು ಕರೆಂಟು ಹೊಡೆದು ಸತ್ತಿದ್ದರು. ಅದಕ್ಕೂ ಇಪ್ಪತ್ನಾಲ್ಕು ದಿನ ಮೊದಲು ಆ ಮನೆಯ ಗೀಜರಿನ ಸರ್ವಿಸ್ ಮಾಡಿದವರು ನಜೀರಸಾಬರು. ಮಹಾಲಿಂಗಪ್ಪನವರ ಮಗ ಅನಿಲಕುಮಾರ ದೂರು ಕೊಟ್ಟದ್ದು ಸಾಬರ ಮೇಲೇ. ವಿದ್ಯುತ್ ಪರಿವೀಕ್ಷಕಿಯಾದ ಮಹೇಶ್ವರಿ ಇಂದು ಸಂಜೆ ಐದರೊಳಗೆ ವರದಿ ಕೊಡಬೇಕು. ಅದರಲ್ಲಿ 'ಸರ್ವಿಸ್ ಮಾಡಿದವರ ನಿರ್ಲಕ್ಷ್ಯ' ಎಂದು ಒಂದು ಸಾಲು ಬಿದ್ದರೆ ಸಾಕು, ಅರವತ್ತೆರಡು ವರ್ಷದ ಸಾಬರು ಇವತ್ತು ರಾತ್ರಿಯ ಊಟಕ್ಕೆ ಮನೆಗೆ ಹೋಗುವುದಿಲ್ಲ.

"ಲಗೂನ ಮುಗಸಬ್ಯಾಡ್ರಿ," ಎಂದಳು. "ಇನ್ನೂ ಐದ ನಟ್ಟ ಅದಾವು."

ಐದನ್ನೂ ಬಿಚ್ಚಿದಳು. ರಬ್ಬರ್ ವಾಶರು ಟಾಕಿಗೆ ಅಂಟಿಕೊಂಡು ಬಿಡಲೊಲ್ಲದು. ಚಪ್ಪಟೆ ಸ್ಕ್ರೂಡ್ರೈವರಿನಿಂದ ಸುತ್ತಲೂ ಎಬ್ಬಿಸಿ, ನೀರು ಕಾಯಿಸುವ ಕಾಯಿಲನ್ನು ಮೆಲ್ಲಗೆ ಹೊರಗೆಳೆದು ಹಳೆಯ ಪೇಪರಿನ ಮೇಲಿಟ್ಟಳು. ನೋಡಿದಳು. ಮತ್ತೆ ನೋಡಿದಳು.

ಗಜೇಂದ್ರಗಡದ ಕೊಳವೆಬಾವಿಯ ನೀರಿನ ಗುಣ ಊರವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ. ಗೀಜರಿನೊಳಗೆ ಹೊಕ್ಕರಂತೂ ಒಂದೇ ವರ್ಷಕ್ಕೆ ಕಾಯಿಲಿನ ಮೇಲೆ ಹೆಬ್ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ. ಕಾವು ನೀರಿಗೆ ದಾಟದೆ ಕಾಯಿಲ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಬಿಚ್ಚಿ ಕೆರೆದು ತೊಳೆಯಬೇಕು. ಒಳಗೊಂದು ಮ್ಯಾಗ್ನೇಶಿಯಂ ಕಡ್ಡಿ ಇರುತ್ತದೆ. ಟಾಕಿಗೆ ಹತ್ತಬೇಕಾದ ತುಕ್ಕನ್ನು ತಾನು ಉಂಡು ಸವೆಯುವ ಬಡಪಾಯಿ ಅದು. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೀಗೆ ನೋಡಿಕೊಂಡರೆ ಗೀಜರ್ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಗೋಡೆಗೆ ನೇತುಹಾಕಿ ಮರೆತರೆ ಐದಾರು ವರ್ಷಕ್ಕೇ ಅದರ ಕಥೆ ಮುಗಿಯುತ್ತದೆ.

ಈ ಗೀಜರಿನ ಕಥೆ ಮುಗಿದಿತ್ತು. ಕಡ್ಡಿ ಪೂರ್ತಿ ಕರಗಿ ನಡುವಿನ ತಂತಿಯಷ್ಟೇ ಉಳಿದಿತ್ತು. ಟಾಕಿಯ ತಳದಲ್ಲಿ ತುಕ್ಕಿನ ಚಕ್ಕೆಗಳು. ಕಾಯಿಲಿನ ತಾಮ್ರದ ಕವಚ ಉಗುರಿನುದ್ದ ಸೀಳಿ, ಕರೆಂಟು ನೀರಿಗೆ ಇಳಿಯಲು ದಾರಿಯಾಗಿತ್ತು. ಆದರೆ ಬಿಳಿ ಹಕ್ಕಳೆ ಮಾತ್ರ ಹುಡುಕಿದರೂ ಇರಲಿಲ್ಲ. ಅದರ ಬದಲು ಎಲ್ಲದರ ಮೇಲೂ ತೆಳ್ಳಗೆ ಕಂದು ಮಣ್ಣಿನ ಲೇಪ. ಬೆರಳ ನಡುವೆ ತಿಕ್ಕಿದರೆ ಕಾಡಿಗೆಯಷ್ಟು ನುಣುಪು.

"ಶಿವನಪ್ಪನವರ, ನಿಮ್ಮ ಮನ್ಯಾಗೂ ಬೋರಿನ ನೀರ ಅಲ್ರಿ?"

"ಹೌದ್ರಿ. ನಮ್ಮ ನಳದ ಬಾಯಿಗೆ ಸುಣ್ಣದ ಗಡ್ಡ ಬೆಳದೈತಿ."

"ಇದಕ್ಕ ಗಡ್ಡ ಎಲ್ಲೈತಿ ತೋರಸ್ರಿ."

ಶಿವನಪ್ಪ ಗಿರಮಿಟ್ಟು ಪಕ್ಕಕ್ಕಿಟ್ಟು ಕುಕ್ಕುರುಗಾಲಿನಲ್ಲಿ ಕುಳಿತರು. ಅವರು ಗಿರಮಿಟ್ಟು ಪಕ್ಕಕ್ಕಿಟ್ಟರೆಂದರೆ ವಿಷಯ ಅವರಿಗೂ ತಟ್ಟಿತೆಂದೇ ಲೆಕ್ಕ.

"ಆರ ವರ್ಷ ಯಾರೂ ಬಿಚ್ಚದ ಗೀಜರು," ಎಂದಳು ಮಹೇಶ್ವರಿ. "ಈ ಊರ ನೀರ ಕಾಯಿಸಿದ್ರ ಅರ್ಧ ಟಾಕಿ ಸುಣ್ಣ ಇರಬೇಕಿತ್ತು. ಇದರಾಗ ಇರೋದು ಹೊಳಿ ಮಣ್ಣು. ಇದು ಹೊಳಿ ನೀರ ಕಾಯಿಸಿದ ಗೀಜರ್ರಿ."

"ಹಂಗೆಂಗ ಆಕ್ಕೈತ್ರಿ? ಅದರ ನಂಬರು ಬಿಲ್ಲಿನಾಗಿನ ನಂಬರಿಗೆ ಬರೋಬರಿ ಐತಿ. ನಾನ ತಾಳಿ ನೋಡೇನಿ." ಅವರು ಫೈಲಿನಿಂದ ಆರು ವರ್ಷದ ಹಿಂದಿನ, ಹಳದಿಯಾದ ಬಿಲ್ಲು ತೆಗೆದು ಕೊಟ್ಟರು.

ನಂಬರು ಸರಿಯಾಗೇ ಇತ್ತು. ಆದರೆ ಅದರ ಕೆಳಗೆ ಇನ್ನೊಂದು ನಂಬರೂ ಇತ್ತು. ಒಂದೇ ಬಿಲ್ಲು, ಒಂದೇ ನಮೂನೆಯ ಎರಡು ಗೀಜರು.

"ಎರಡನೇದು?"

"ಮಗಳ ಮದುವಿಗೆ ಕೊಟ್ಟದ್ರಿ. ಐಶ್ವರ್ಯಾ ಅಂತ. ನರಗುಂದಕ್ಕ ಕೊಟ್ಟಾರ ಆಕೀನ." ಹೇಳುತ್ತ ಹೇಳುತ್ತ ಶಿವನಪ್ಪನವರ ದನಿ ನಿಧಾನವಾಯಿತು. ನರಗುಂದದ ನಳಕ್ಕೆ ಬರುವುದು ಮಲಪ್ರಭೆಯ ನೀರೆಂದು ಅವರಿಗೂ ಗೊತ್ತಿತ್ತು.

ಮಹೇಶ್ವರಿ ಫೈಲಿನಲ್ಲಿ ಮಹಾಲಿಂಗಪ್ಪನವರ ಹೆಂಡತಿ ಗೌರವ್ವನವರ ಹೇಳಿಕೆ ಹುಡುಕಿದಳು. ಹೋದ ವಾರ ಓದಿ ನಕ್ಕು ಬಿಟ್ಟಿದ್ದ ಸಾಲು ಈಗ ಬೇಕಾಗಿತ್ತು. ಈ ಕಡೆ ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದಂದು ಬಚ್ಚಲ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಪೂಜೆ ಮಾಡುತ್ತಾರೆ. ಹಂಡೆ ಅಟ್ಟ ಸೇರಿದ ಮೇಲೆ ಗೌರವ್ವನವರು ಆ ಮರ್ಯಾದೆಯನ್ನು ಗೀಜರಿಗೆ ಸಲ್ಲಿಸುತ್ತಿದ್ದರು. 'ಈ ವರ್ಷವೂ ಹಚ್ಚಿದ್ದೆ' ಎಂದು ಹೇಳಿಕೆಯಲ್ಲಿತ್ತು. ಠಾಣೆಯ ಗೀಜರಿನ ಮೈ ಮೇಲೆ, ಮುಚ್ಚಳದ ಸಂದಿಯಲ್ಲಿ, ಎಲ್ಲೂ ಸುಣ್ಣದ ಸುಳಿವಿಲ್ಲ.

ಕಡ್ಡಿ ಕರಗಿ ಉಳಿದಿದ್ದ ತಂತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಅವಳು ಎದ್ದಳು.

"ಎಲ್ಲಿಗ್ರಿ? ಸಾಹೇಬರು ಐದಕ್ಕ ಬರ್ತಾರ!"

"ನರಗುಂದಕ್ಕ. ಐದಕ್ಕ ನಾನೂ ವರದಿ ಕೊಡ್ತೀನಿ. ಅಲ್ಲೀತನಕ ಸಾಬರನ್ನ ಮುಟ್ಟಬ್ಯಾಡ್ರಿ."

*

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಜೀರಸಾಬರ ಅಂಗಡಿ. ಹನ್ನೆರಡು ದಿನದಿಂದ ಗಿರಾಕಿಗಳು ಅತ್ತ ಹಾಯುವುದು ಬಿಟ್ಟಿದ್ದರು. ಒಬ್ಬರಂತೂ ರಿಪೇರಿಗೆ ಕೊಟ್ಟ ಮಿಕ್ಸರನ್ನು ಬಿಚ್ಚಿದ ಸ್ಥಿತಿಯಲ್ಲೇ ವಾಪಸು ಒಯ್ದಿದ್ದರು. ಸಾಬರು ಮಾತ್ರ ದಿನದಂತೆ ಬಾಗಿಲು ತೆಗೆದು, ಕಸ ಹೊಡೆದು, ಯಾರೂ ಕೇಳದ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಒರೆಸುತ್ತ ಕುಳಿತಿದ್ದರು.

"ಬರ್ರಿ ಅಕ್ಕಾರ. ಕುಂದರ್ರಿ."

ಅವಳು ಕೂರಲಿಲ್ಲ. ಎದುರಿನ ಗೋಡೆ ನೋಡುತ್ತ ನಿಂತಳು. ಗೋಡೆಯ ತುಂಬ ಮೊಳೆಗಳಿಗೆ ಸವೆದ ಕಡ್ಡಿಗಳು ಜೋತುಬಿದ್ದಿದ್ದವು. ಒಂದೊಂದಕ್ಕೂ ದಾರ, ದಾರಕ್ಕೊಂದು ರಟ್ಟಿನ ಚೀಟಿ, ಚೀಟಿಯ ಮೇಲೆ ಮನೆಯ ಹೆಸರು, ತೆಗೆದ ತಿಂಗಳು.

"ಇವನ್ಯಾಕ ಇಟ್ಟೀರಿ?"

"ಗಿರಾಕಿಗೆ ತೋರಸಾಕ್ರಿ. ಕಡ್ಡಿ ಸವದೈತಿ, ಬದಲಿ ಮಾಡ್ರಿ ಅಂತ ಬಾಯಿಲೆ ಹೇಳಿದ್ರ ಯಾರೂ ನಂಬಂಗಿಲ್ಲ. ನೀರ ನಿಮ್ಮ ಕಡ್ಡೀನ ಎಷ್ಟ ತಿಂದೈತಿ ನೋಡ್ರಿ ಅಂತ ಕೈಯಾಗ ಕೊಟ್ರ ನಂಬತಾರ."

'ಮಹಾಲಿಂಗಪ್ಪ ಅವರ ಮನಿ' ಎಂಬ ಚೀಟಿ ಮೂರು ಕಡೆ ಇತ್ತು. ಮೂರನೆಯದು ಹೋದ ತಿಂಗಳದ್ದು. ಮೂರೂ ಕಡ್ಡಿಗಳ ಮೈ ಸುಣ್ಣದಲ್ಲಿ ಹೊರಳಾಡಿಸಿದಂತೆ ಬೆಳ್ಳಗಿತ್ತು. ಆರು ವರ್ಷದಲ್ಲಿ ಮೂರು ಸಲ. ಆ ಮನೆಯ ಗೀಜರನ್ನು ಈ ಮನುಷ್ಯ ಎಷ್ಟು ಜತನದಿಂದ ನೋಡಿಕೊಂಡಿದ್ದನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಮಹೇಶ್ವರಿಗೆ ಮನಸ್ಸು ಹಗುರಾಯಿತು. ಪೇಪರು ಬಿಚ್ಚಿ ತಂತಿಯನ್ನು ಮೇಜಿನ ಮೇಲಿಟ್ಟಳು.

"ಇದು ಠಾಣ್ಯಾಗಿನ ಗೀಜರಿನ ಒಳಗಿತ್ತು."

ಸಾಬರು ಅದನ್ನೆತ್ತಿ ಒಮ್ಮೆ ತಿರುಗಿಸಿ ನೋಡಿದರು. ಮತ್ತೆ ಅಲ್ಲೇ ಇಟ್ಟರು. ಗುರುತು ಸಿಕ್ಕಿತೆಂಬುದು ಅವರ ಮುಖದಲ್ಲಿ ಸ್ಪಷ್ಟವಿತ್ತು. 

"ನೀವು ಸರ್ವಿಸ್ ಮಾಡಿದ ಗೀಜರು ಇದಲ್ಲ. ಹೌದಲ್ರಿ?"

"ನೀವು ಕಂಡದ್ದ ನೀವು ಬರೀರಿ ಅಕ್ಕಾರ. ನನ್ನ ಬಾಯಿಲೆ ಹೇಳಸಬ್ಯಾಡ್ರಿ."

"ಅಲ್ಲ ಅಂತ ಒಂದ ಮಾತ ಹೇಳಿದ್ರ ನೀವು ಪಾರಾಗ್ತೀರಿ. ಗೊತ್ತೈತಿಲ್ಲೋ?"

"ಗೊತ್ತೈತ್ರಿ."

"ಗೊತ್ತಿದ್ದೂ ಸುಮ್ಮ ಕುಂತೀರಿ?"

"ಚಾ ತರಸ್ಲೇನ್ರಿ?" ಎಂದರು ಸಾಬರು.

ಮಹೇಶ್ವರಿಗೆ ಸಿಟ್ಟು ಬಂತು. ಸುಳ್ಳು ಹೇಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಖರೇ ಹೇಳಿದರೆ ತನಗೇ ಲಾಭವಿದ್ದಾಗಲೂ ಬಾಯಿಗೆ ಬೀಗ ಹಾಕಿಕೊಳ್ಳುವವರೊಡನೆ ಏನು ಮಾಡಬೇಕೋ ಅವಳಿಗೆ ತಿಳಿಯದು. ಚಹಾ ಬೇಡವೆಂದು ಹೇಳಿ, ತಂತಿ ಸುತ್ತಿಕೊಂಡು ಜೀಪು ಹತ್ತಿದಳು.

*

ರೋಣ ದಾಟಿ ಬೆಳವಣಕಿಯ ಹಾದಿ ಹಿಡಿದಾಗ ಮಧ್ಯಾಹ್ನ ಹನ್ನೆರಡೂವರೆ. ಎರಡೂ ಕಡೆ ಎರೆಹೊಲ, ಕಡಲೆ ಹೂವಾಡಿತ್ತು. ಬೆಳವಣಕಿ ಅವಳ ಹುಟ್ಟೂರು. ಬೇರೆ ದಿನವಾಗಿದ್ದರೆ ಕಾಕಾನ ಮನೆಗೆ ಹೊಕ್ಕು ಒಂದು ರೊಟ್ಟಿ ತಿನ್ನದೆ ಮುಂದೆ ಹೋಗುವ ಧೈರ್ಯ ಅವಳಿಗಿರಲಿಲ್ಲ. ಇಂದು ಯಾರ ಕಣ್ಣಿಗೂ ಬೀಳದಿರಲೆಂದು ಸೆರಗು ತಲೆಗೆಳೆದುಕೊಂಡು ಊರು ದಾಟಿದಳು.

ನರಗುಂದದಲ್ಲಿ ಬಾಗಿಲು ತೆರೆದವರು ಐಶ್ವರ್ಯಾಳ ಅತ್ತೆ ಗಾಳೆವ್ವ. ಕಂದು ಸೀರೆ, ಹಣೆಯ ಮೇಲೆ ವಿಭೂತಿ, ಬಂದವರನ್ನು ಒಂದೇ ನೋಟಕ್ಕೆ ಅಳೆಯುವ ಕಣ್ಣು.

"ಕರೆಂಟ್ ಆಫೀಸಿನವರೇನ್ರಿ? ಬರ್ರಿ, ಒಳಗ ಬರ್ರಿ. ಪಾಪ, ನಮ್ಮ ಸೊಸಿ ಮೊನ್ನೆರ ತವರಿಂದ ಬಂದಾಳ. ಊಟಾ ಸೈತ ಮಾಡವಲ್ಲಳು."

ಐಶ್ವರ್ಯಾ ಅಡುಗೆಮನೆಯಿಂದ ಬಂದಳು. ಇಪ್ಪತ್ತೆಂಟರ ಹುಡುಗಿ ಹನ್ನೆರಡು ದಿನದಲ್ಲಿ ನಲವತ್ತರವಳಂತಾಗಿದ್ದಳು. ಗೀಜರು ನೋಡಬೇಕೆಂದಾಗ ಅವಳ ಕೈ ಸೀರೆಯ ಅಂಚನ್ನು ಹಿಡಿದುಕೊಂಡಿತು.

"ನಮ್ಮದ್ಯಾಕ್ರಿ? ನಮ್ಮದು ಚಲೋ ಐತಿ."

"ಚಲೋ ಐತಿ ಅನ್ನೋದನ್ನ ನೋಡಾಕ ಬಂದೀನಿ."

ಬಚ್ಚಲಮನೆ ಅಚ್ಚುಕಟ್ಟಾಗಿತ್ತು. ಗೋಡೆಯ ಮೇಲೆ ಅದೇ ನಮೂನೆಯ ಬಿಳಿ ಗೀಜರು. ಮಹೇಶ್ವರಿ ಸ್ಟೂಲು ಹತ್ತಿ ಅದರ ತಲೆಯ ಮೇಲೆ ಬೆರಳಾಡಿಸಿದಳು. ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಆದರೆ ಒರೆಸಿದವರ ಕೈ ಗೋಡೆಯ ಕಡೆಗೆ ಎಟುಕಿರಲಿಲ್ಲ. ಹಿಂಬದಿಯಲ್ಲಿ ಮೂರು ಬೆರಳಗಲದ ಪಟ್ಟೆಗಳು ಉಳಿದಿದ್ದವು: ಒಂದು ಬಿಳಿ, ಒಂದು ಕೆಂಪು, ಮತ್ತೊಂದು ಬಿಳಿ.

"ನೀವು ಗೀಜರಿಗೆ ಸುಣ್ಣ-ಕೆಮ್ಮಣ್ಣ ಹಚ್ಚತೀರೇನವಾ?"

ಐಶ್ವರ್ಯಾ, "ಹೂಂರಿ, ಹಬ್ಬಕ್ಕ ಹಚ್ಚತೇವ್ರಿ," ಎಂದಳು.

"ಗೀಜರಿಗ್ಯಾಕ ಹಚ್ಚೋಣ?" ಬಾಗಿಲಲ್ಲೇ ನಿಂತಿದ್ದ ಗಾಳೆವ್ವ ಆಶ್ಚರ್ಯಪಟ್ಟರು. "ನಮ್ಮಲ್ಲಿ ಹಂಡೆ ಇನ್ನೂ ಗಟ್ಟಿಮುಟ್ಟಾಗಿ ಐತಲ್ಲ! ಹಿತ್ತಲದಾಗ ನೋಡ್ರಿ ಬೇಕಾದ್ರ."

ಸೊಸೆಯ ಮುಖ ಬಿಳಿಚಿಕೊಂಡಿತು. ಮಹೇಶ್ವರಿಗೆ ಅವಳ ಮೇಲೆ ಅಂತಃಕರಣ ಉಕ್ಕಿತು. ಸ್ಟೂಲಿನಿಂದ ಇಳಿದು, "ಅವ್ವಾರ, ಬಿಸಿಲಾಗ ಬಂದೀನಿ. ಒಂದಿಷ್ಟ ಮಜ್ಜಗಿ ಕೊಡತೀರೇನ್ರಿ?" ಎಂದಳು. ಮಜ್ಜಿಗೆ ಕೇಳಿದವರಿಗೆ ಇಲ್ಲವೆನ್ನುವ ಜಾತಿಯವರಲ್ಲ ಗಾಳೆವ್ವ. ಒಗ್ಗರಣೆ ಹಾಕಿಯೇ ತರುತ್ತೇನೆಂದು ಒಳಗೆ ಹೋದರು.

ಮಹೇಶ್ವರಿ ಬಚ್ಚಲ ಬಾಗಿಲು ಅರ್ಧ ಮುಚ್ಚಿದಳು.

"ಇದು ನಿಮ್ಮ ತವರಮನಿ ಗೀಜರು. ನಿಮ್ಮ ಮದುವ್ಯಾಗ ಕೊಟ್ಟದ್ದು ಗಜೇಂದ್ರಗಡ ಠಾಣ್ಯಾಗ ಬಿದ್ದೈತಿ. ಇನ್ನ ನೀವ ಹೇಳಬೇಕು."

"ನಮ್ಮ ಅತ್ತಿಯವರಿಗೆ ಗೊತ್ತಾಗಬಾರ್ದ್ರಿ."

"ನನ್ನ ಬಾಯಿಲೆ ಗೊತ್ತಾಗಂಗಿಲ್ಲ. ಆದ್ರ ನೀವು ಹೇಳದಿದ್ರ ಇವತ್ತ ಐದಕ್ಕ ನಜೀರಸಾಬರನ್ನ ಒಳಗ ಹಾಕತಾರ."

"ನಜೀರಕಾಕಾನ್ನ?" ಐಶ್ವರ್ಯಾ ತಲೆಯೆತ್ತಿದಳು. "ಯಾಕ್ರಿ? ಅವರೇನ ಮಾಡ್ಯಾರ?"

ದೂರು ಯಾರ ಮೇಲಿದೆಯೆಂದು ಅಣ್ಣ ಅನಿಲಕುಮಾರ ತಂಗಿಗೆ ಹೇಳಿಯೇ ಇರಲಿಲ್ಲ. ಮಹೇಶ್ವರಿ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಐಶ್ವರ್ಯಾ ಬಚ್ಚಲ ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದಳು. ದೀಪಾವಳಿ ಮುಗಿ ಮುಗಿಯುತ್ತಲೇ ಇಲ್ಲಿನ ಗೀಜರು ಕಡಿಯಲು ಶುರುಮಾಡಿತ್ತು. ನಳ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಮದುವೆಯಾದಾಗಿನಿಂದ ಅದನ್ನು ಒಮ್ಮೆಯೂ ಯಾರೂ ಬಿಚ್ಚಿ ನೋಡಿರಲಿಲ್ಲ. ನೀರು ಬಿಸಿಯಾಗಿ ಬರುತ್ತಿರುವಾಗ ಬಿಚ್ಚುವುದೇಕೆಂದು ಎಲ್ಲ ಮನೆಗಳಲ್ಲೂ ಅನ್ನುವ ಹಾಗೆ ಇಲ್ಲೂ ಅಂದುಕೊಂಡಿದ್ದರು.

"ಇಲ್ಲೇ ಯಾರನ್ನರ ಕರೆಸಿ ರಿಪೇರಿ ಮಾಡಿಸಬಹುದಿತ್ತಲ್ಲ?"

"ಹ್ಯಾಂಗ್ರಿ? ತವರಿನವರು ಕೊಟ್ಟದ್ದು ಕೆಟ್ಟೈತಿ ಅಂತ ನಾ ಅತ್ತಿ ಮುಂದ ಹೇಳಲೇನ? ಅವರು ಏನೂ ಅನ್ನಂಗಿಲ್ರಿ, ಚಲೋ ಹೆಣ್ಣಮಗಳು. ಆದ್ರೂ ನೆಂಟರ ಮುಂದ ಒಂದ ಮಾತ ಬಿದ್ರ ಅಪ್ಪಾನ ಮರ್ಯಾದಿ ಹೋಗ್ತದಲ್ರಿ. ಅಪ್ಪಾಗ ಫೋನ್ ಮಾಡಿದೆ. ಅವರು, ಯಾರಿಗೂ ಹೇಳಬ್ಯಾಡ, ಎರಡೂ ಒಂದ ನಮೂನಿ ಅದಾವು, ಮನೀದು ತಂದ ಕೂಡಸ್ತೀನಿ, ಯಾರಿಗೂ ತಿಳ್ಯಂಗಿಲ್ಲ ಅಂದ್ರು."

ಗಾಳೆವ್ವ ನರೇಗಲ್ಲಿಗೆ ಬೀಗರ ಮನೆಗೆ ಹೋದ ದಿನ ಮಹಾಲಿಂಗಪ್ಪನವರು ಬಾಡಿಗೆ ಗಾಡಿಯಲ್ಲಿ ಬಂದರು. ಜೊತೆಗೆ ನಜೀರಸಾಬರು. ಆಗಷ್ಟೇ ಸರ್ವಿಸ್ ಮಾಡಿದ ಗೀಜರನ್ನು ಇಲ್ಲಿ ಕೂರಿಸಿ, ಕಡಿಯುವುದನ್ನು ಇಳಿಸಿದರು. ಎಲ್ಲ ಸೇರಿ ಎರಡು ತಾಸು. ಸುಣ್ಣದ ಪಟ್ಟೆ ಒರೆಸಿದವಳು ಐಶ್ವರ್ಯಾ.

"ಇಳಿಸಿದ್ದನ್ನ ಒಯ್ದು ಏನ ಮಾಡ್ತೀನಿ ಅಂದ್ರು?"

"ಗುಜರಿಗ್ರಿ. ನಜೀರಕಾಕಾ ಖಡಾಖಂಡಿತ ಹೇಳಿದ್ರು. ಯಜಮಾನ್ರ, ಇದರ ಆಯುಷ್ಯ ಮುಗದೈತಿ, ರಿಪೇರಿ ಮಾಡಿ ಉಪೇಗಿಲ್ಲ, ಇದನ್ನ ಮತ್ತ ಗೋಡಿಗೆ ಏರಸಬ್ಯಾಡ್ರಿ ಅಂತ. ಅಪ್ಪಾ ಹೂಂ ಅಂದ್ರು. ಹೊಸಾದು ಬರೋತನಕ ಬಕೀಟಿನ್ಯಾಗ ಕಾಸ್ಕೊಂಡ ಜಳಕಾ ಮಾಡ್ತೀನಿ ಅಂದಿದ್ರು." ಅವಳು ಗೋಡೆಯ ಮೇಲಿನ ಗೀಜರಿನತ್ತ ನೋಡಿದಳು. "ನಾ ಫೋನ್ ಮಾಡದ ಇದ್ದಿದ್ರ ಅಪ್ಪಾ ಇರತಿದ್ರಲ್ರೀ."

"ನೀವು ಫೋನ್ ಮಾಡದ ಇದ್ದಿದ್ರ ಇವತ್ತ ನೀವ ಇರ್ತಿದ್ದಿಲ್ಲ," ಎಂದಳು ಮಹೇಶ್ವರಿ. ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ಬಚ್ಚಲಿಗೆ ಬರುವಾಗಲೇ ಹಿತ್ತಲಲ್ಲಿ ಅವಳು ನೋಡಿದ್ದಳು: ಬಟ್ಟೆ ಒಗೆಯುವ ಕಲ್ಲಿನ ನೀರೆಲ್ಲ ಅರ್ಥಿಂಗ್ ಗುಂಡಿಗೇ ಹರಿದು ಮಣ್ಣು ಸದಾ ತಂಪಾಗಿತ್ತು. ಸೋರಿದ ಕರೆಂಟಿನಲ್ಲಿ ಬಹುಪಾಲು ಅಲ್ಲೇ ಇಳಿದು ಹೋಗಿ ಮೈಗೆ ಚುರ್ ಎನ್ನುವಷ್ಟೇ ಉಳಿಯುತ್ತಿತ್ತು. ಗಜೇಂದ್ರಗಡದ ಮನೆಯ ಗುಂಡಿಗೆ ಬೇಸಿಗೆಯಿಂದ ಯಾರೂ ಒಂದು ಕೊಡ ನೀರು ಹಾಕಿರಲಿಲ್ಲ. ಅದೇ ಗೀಜರು ಇಲ್ಲಿ ಕಡಿದಿತ್ತು, ಅಲ್ಲಿ ಕೊಂದಿತ್ತು.

ಬೆಳಗಿನಿಂದ ಮಹೇಶ್ವರಿಯನ್ನು ಕಾಡುತ್ತಿದ್ದ ಪ್ರಶ್ನೆ ಇನ್ನೂ ಉಳಿದಿತ್ತು: "ನಜೀರಸಾಬರು ಇದನ್ನೆಲ್ಲಾ ಪೊಲೀಸರ ಮುಂದ ಯಾಕ ಹೇಳಿಲ್ಲ?"

"ಅಪ್ಪಾ ಅವರ ಕಡೆ ಮಾತ ತಗೊಂಡಿದ್ರು. ಮಗಳ ಮನಿ ಮಾತು, ಸಾಯೋತನಕ ಯಾರ ಮುಂದೂ ಆಡಬ್ಯಾಡ ನಜೀರಾ ಅಂತ. ಇಲ್ಲೇ, ಈ ಬಾಗಲದಾಗ ನಿಂತು."

ಮಹೇಶ್ವರಿಗೆ ಉಸಿರು ಸರಾಗವಾಯಿತು. ಬೆಳಗಿನ ಸಿಟ್ಟು ಎಲ್ಲಿ ಹೋಯಿತೋ. ಸತ್ತವರಿಗೆ ಕೊಟ್ಟ ಮಾತಿಗೆ ಜೈಲು ಸೇರಲೂ ತಯಾರಾಗಿ, ಯಾರಿಗೂ ಬೇಡದ ಇಸ್ತ್ರಿ ಪೆಟ್ಟಿಗೆ ಒರೆಸುತ್ತ ಕುಳಿತ ಮುದುಕ ಅವಳ ಕಣ್ಣ ಮುಂದೆ ಬಂದ. ಇನ್ನು ಆ ಮಾತು ಅವರ ಬಾಯಿಂದ ಬರಬೇಕಾಗಿಲ್ಲ. ಈ ಗೀಜರೇ ಹೇಳುತ್ತದೆ.

ಮೇನ್ ಆಫ್ ಮಾಡಿಸಿ, ನೀರು ಖಾಲಿ ಮಾಡಿ, ಸ್ಟೂಲಿನ ಮೇಲೆ ನಿಂತು ಬಿಚ್ಚತೊಡಗಿದಳು. ನಟ್ಟುಗಳ ಮೇಲೆ ಕೆಂಪು ಬೊಟ್ಟು ಎಂದೋ ಹೋಗಿ, ಪಾನಾದ ಗೀರುಗಳೇ ತುಂಬಿದ್ದವು. ರಬ್ಬರ್ ವಾಶರು ಹೊಸದು. ಒಳಗಿನ ಕಡ್ಡಿಯೂ ಹೊಸದು, ಬೆರಳು ದಪ್ಪ, ಮೇಲೆ ಒಂದಿಷ್ಟು ಹೊಳೆಯ ಮಣ್ಣು. ಟಾಕಿಯ ಮೂಲೆಯಲ್ಲಿ ಎಷ್ಟು ಕೆರೆದರೂ ಹೋಗದ ಹಳೆಯ ಸುಣ್ಣ. ಗಜೇಂದ್ರಗಡದ ಆರು ವರ್ಷ ಅದರಲ್ಲಿ ಸ್ಪಷ್ಟವಾಗಿತ್ತು. ನಜೀರಸಾಬರ ಕೆಲಸದಲ್ಲಿ ಕೂದಲೆಳೆಯಷ್ಟು ಕೊರತೆ ಇರಲಿಲ್ಲ.

ವರದಿಯ ಮೊದಲ ಸಾಲು ಮನಸ್ಸಿನಲ್ಲೇ ಸಿದ್ಧವಾಯಿತು. ಅದರ ಹಿಂದೆಯೇ ಎರಡನೆಯದೂ ಎದ್ದು ನಿಂತಿತು: ಗುಜರಿಗೆ ಹೋಗಬೇಕಾದ ಗೀಜರನ್ನು ಮತ್ತೆ ಗೋಡೆಗೆ ಏರಿಸಿದವರು ಯಾರು? ಅದು ಕಡಿಯುತ್ತದೆಂದು ಚೆನ್ನಾಗಿ ಗೊತ್ತಿದ್ದ ಮಹಾಲಿಂಗಪ್ಪನವರು ಅದರ ಕೆಳಗೆ ಹೋಗಿ ನಿಂತದ್ದು ಹೇಗೆ?

ಕಿಟಕಿಯ ಮೇಲಿಟ್ಟಿದ್ದ ಫೋನು ರಿಂಗಾಯಿತು. ಶಿವನಪ್ಪ. ಮಹೇಶ್ವರಿಯ ಎರಡೂ ಕೈ ಟಾಕಿಯಲ್ಲಿದ್ದವು.

"ಸ್ವಲ್ಪ ಎತ್ತಿ ಹಿಡೀತೀರೇನವಾ? ಸ್ಪೀಕರ್ ಹಾಕ್ರಿ."

ಐಶ್ವರ್ಯಾ ಫೋನನ್ನು ಮೇಲೆತ್ತಿ ಹಿಡಿದಳು.

"ಶಿವನಪ್ಪನವರ, ಸಿಕ್ಕತ್ರಿ! ಸಾಬರದು ಏನೂ ತಪ್ಪಿಲ್ಲ. ಅವರು ಸರ್ವಿಸ್ ಮಾಡಿದ ಗೀಜರು ಇಲ್ಲೈತಿ, ನನ್ನ ಕೈಯಾಗ."

ಆ ಕಡೆ ಶಿವನಪ್ಪ ದನಿ ತಗ್ಗಿಸಿದರು.

"ಮೇಡಂ, ನಜೀರಸಾಬ ಠಾಣೆಗೆ ಬಂದು ಕುಂತಾನ್ರಿ. ಹೇಳಿಕಿ ಬರದು ಸಹಿ ಮಾಡ್ಯಾನ. ಕೆಟ್ಟ ಗೀಜರು ಅಂತ ಗೊತ್ತಿದ್ದೂ ನಾನ ಅದನ್ನ ಗೋಡಿಗೆ ಏರಿಸಿದೆ ಅಂತ."

ಮಹೇಶ್ವರಿ ಟಾಕಿಯಿಂದ ಎರಡೂ ಕೈ ಹೊರಗೆಳೆದಳು.

"ಸುಳ್ಳು! ಮತ್ತ ಏರಸಬ್ಯಾಡ್ರಿ ಅಂದವರ ಅವರು. ನೀವು ಅವರಿಗೆ ಏನಂದ್ರಿ? ಮುಟ್ಟಬ್ಯಾಡ್ರಿ ಅಂದಿದ್ದಿಲ್ಲ ನಾನು?"

"ನಾ ಏನೂ ಅಂದಿಲ್ರಿ, ದೇವರಾಣಿ. ಚಾ ಕುಡ್ಯಾಕ ಅವನ ಗಲ್ಲಿ ಕಡೆ ಹೋಗಿದ್ದೆ. ಮೇಡಂ ಎಲ್ಲ್ಯದಾರ ಅಂತ ಕೇಳಿದ. ನರಗುಂದಕ್ಕ ಹೋಗ್ಯಾರ ಅಂದೆ. ಅಷ್ಟ. ಅಂಗಡಿ ಬಾಗಲಾ ಹಾಕಿ ನನ್ನ ಬೆನ್ನಿಗೇ ಬಂದ."

ಅವರನ್ನು ಬಿಡಿಸಲು ಅವಳು ಇಷ್ಟು ದೂರ ಬಂದಿದ್ದಳು. ಬಂದಳೆಂಬ ಸುದ್ದಿಯೇ ಅವರನ್ನು ಠಾಣೆಗೆ ಕಳಿಸಿತ್ತು. ಕೊಟ್ಟ ಮಾತಿಗೆ ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಮಾಡದ ತಪ್ಪನ್ನು ಬರೆದು ಕೊಡುವ ಅಗತ್ಯವಿರಲಿಲ್ಲ. 

"ಹೇಳಿಕ್ಯಾಗ ಇನ್ನೇನ ಬರದಾರ? ಪೂರ್ತಿ ಓದ್ರಿ."

ಕಾಗದ ಸರಿಸುವ ಸದ್ದು ಬಂತು. ಶಿವನಪ್ಪ ಶಾಲೆಯ ಹುಡುಗನಂತೆ ಒಂದೊಂದೇ ಪದ ಬಿಡಿಸಿ ಓದಿದರು: "'ಗೀಜರನ್ನು ಕೂಡಿಸಿದವನು ನಾನೇ. ಸ್ವಿಚ್ ಹಾಕಿದವನೂ ನಾನೇ. ಆ ದಿನ ಬೆಳಗ್ಗೆ ಗೌರವ್ವನವರು ಬಚ್ಚಲಮನೆಯ ಕಡೆಗೆ ಹೋಗಿಯೇ ಇರಲಿಲ್ಲ.'"

ಐಶ್ವರ್ಯಾ ಫೋನನ್ನು ಹತ್ತಿರಕ್ಕೆ ತಂದು, "ನಮ್ಮವ್ವ?" ಎಂದಳು.

"ಗೌರವ್ವನವರ ಬಗ್ಗೆ ಅವರನ್ನ ಯಾರ ಕೇಳಿದ್ರು?" ಎಂದಳು ಮಹೇಶ್ವರಿ.

"ಯಾರೂ ಕೇಳಿಲ್ರಿ ಮೇಡಂ."